ಹೆಸರಿಲ್ಲದ ಕಲ್ಲಿಗೂ ಒಂದು ನಂಬರು

ಹಳೆಯ ಮನೆತನದ ಸ್ಮಶಾನವನ್ನು ದಾಖಲಿಸಲು ಹೋದವರು ಸಾಮಾನ್ಯವಾಗಿ ದೊಡ್ಡ ಕಲ್ಲಿನಿಂದ ಶುರು ಮಾಡುತ್ತಾರೆ. ಅದರ ಅಕ್ಷರ ಕಾಣುತ್ತದೆ, ಹೆಸರು ಮೊದಲೇ ಗೊತ್ತಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆಮೇಲೆ ಅದರ ಪಕ್ಕದ್ದು, ಅದರಾಚೆಯದ್ದು. ಬಿಸಿಲು ಇಳಿಯುವ ಹೊತ್ತಿಗೆ ಓದಲು ಬರುವ ಕಲ್ಲುಗಳೆಲ್ಲ ಮುಗಿದಿರುತ್ತವೆ. ಉಳಿದದ್ದಕ್ಕೆ 'ಗುರುತಿಲ್ಲದ ಇನ್ನೂ ಕೆಲವು ಗೋರಿಗಳಿವೆ' ಎಂದು ಒಂದು ಸಾಲು ಬರೆದು ಮನೆಗೆ ಹೊರಡುತ್ತಾರೆ.

ಆ ಸಾಲು ನನ್ನನ್ನು ತುಂಬಾ ಕಾಡುತ್ತದೆ. ಹಳ್ಳಿಗಾಡಿನ ಹಳೆಯ ಸ್ಮಶಾನಗಳಲ್ಲಿ ಎಷ್ಟೋ ಸಲ ಆ 'ಕೆಲವು' ಎಂಬುದರಲ್ಲೇ ಜಾಸ್ತಿ ಜನ ಮಲಗಿರುತ್ತಾರೆ. ಅಕ್ಷರ ಕೆತ್ತಿಸಲು ದುಡ್ಡು ಬೇಕಿತ್ತು. ಕೆತ್ತುವವನು ಹತ್ತಿರದಲ್ಲಿರಬೇಕಿತ್ತು. ಏನು ಕೆತ್ತಬೇಕೆಂದು ಬರೆದು ಕೊಡಲು ಓದುಬರಹ ಬಲ್ಲವರು ಮನೆಯಲ್ಲಿರಬೇಕಿತ್ತು. ಇದ್ಯಾವುದೂ ಇಲ್ಲದವರು ಹೊಲದ ಬದುವಿನಿಂದ ಒಂದು ಕಲ್ಲು ಹೊತ್ತು ತಂದು ತಲೆಯ ಕಡೆ ನೆಟ್ಟರು. ಕೆಲವರು ಕಾಲಿನ ಕಡೆಗೂ ಒಂದು ಚಿಕ್ಕದನ್ನು ಇಟ್ಟರು. ಮನೆಯವರಿಗೆಲ್ಲ ಅದು ಯಾರದೆಂದು ಗೊತ್ತಿತ್ತು, ಬರೆಯುವ ಅಗತ್ಯ ಬೀಳಲಿಲ್ಲ. ಗೊತ್ತಿದ್ದವರು ಒಬ್ಬೊಬ್ಬರೇ ಹೋದ ಮೇಲೆ ಕಲ್ಲು ಮಾತ್ರ ಉಳಿಯಿತು.

ನಮ್ಮ ಮನೆತನದ ಸ್ಮಶಾನದ ಕೆಲಸಕ್ಕೆ ಇಳಿಯುವ ಮೊದಲು ನಾನು ಮಾಡಿಕೊಂಡ ತೀರ್ಮಾನ ಒಂದೇ. ಒಂದು ಮೂಲೆಯಿಂದ ಶುರು ಮಾಡುವುದು, ಸಾಲು ಹಿಡಿದು ನಡೆಯುವುದು, ಎದುರಾದ ಪ್ರತಿ ಗುರುತಿಗೂ ನಂಬರು ಕೊಡುವುದು. ಹೆಸರಿರಲಿ ಬಿಡಲಿ, ಕಲ್ಲು ನಿಂತಿರಲಿ ಬಿದ್ದಿರಲಿ. ಮುತ್ತಜ್ಜನ ನುಣುಪು ಕಲ್ಲಿಗೂ ಒಂದು ನಂಬರು, ಅದರ ಹಿಂದೆ ಹುಲ್ಲಿನಲ್ಲಿ ಮುಳುಗಿರುವ ಮೊಣಕಾಲೆತ್ತರದ ಕಾಡುಗಲ್ಲಿಗೂ ಒಂದು ನಂಬರು. ನಂಬರು ಬಿದ್ದ ಮೇಲೆ ಪುಸ್ತಕದಲ್ಲಿ ಅದಕ್ಕೊಂದು ಸಾಲು ಬೇಕು. ಸಾಲು ಇದ್ದ ಮೇಲೆ ಏನಾದರೂ ಬರೆಯಬೇಕು. ಬರೆಯಬೇಕೆಂದರೆ ಕೂತು ನೋಡಬೇಕು. ಹಾಗೆ ಕೂತು ನೋಡಿದರೆ ಹೆಸರಿಲ್ಲದ ಕಲ್ಲಿನಲ್ಲೂ ಬರೆಯಲು ಎಷ್ಟೊಂದು ಇರುತ್ತದೆ.

ಈ ನಂಬರನ್ನು ಕಲ್ಲಿನ ಮೇಲೆ ಮಾತ್ರ ಬರೆಯಕೂಡದು. ಬಣ್ಣ ಬೇಡ, ಮಾರ್ಕರ್ ಬೇಡ, ಅಂಟುವ ಚೀಟಿಯೂ ಬೇಡ. ನಂಬರಿನ ಜಾಗ ನಕ್ಷೆ ಮತ್ತು ನೋಟ್‌ಬುಕ್. ಫೋಟೋ ತೆಗೆಯುವಾಗ ನಂಬರು ಬರೆದ ಪುಟ್ಟ ಹಲಗೆಯನ್ನೂ ಒಂದು ಅಳತೆ ಪಟ್ಟಿಯನ್ನೂ ಕಲ್ಲಿನ ಬುಡದಲ್ಲಿ ಇಟ್ಟರೆ ಸಾಕು. ಮನೆಗೆ ಬಂದು ನೂರಾರು ಫೋಟೋ ನೋಡುವಾಗ ಯಾವುದು ಯಾವುದೆಂದು ಒದ್ದಾಡಬೇಕಾಗುವುದಿಲ್ಲ.

ಹೆಸರಿಲ್ಲದ ಕಲ್ಲಿನ ಸಾಲಿನಲ್ಲಿ ಏನು ಬರೆಯುವುದು? ಮೊದಲನೆಯದು ಅಂತರ. ತಲೆಗಲ್ಲಿಗೂ ಕಾಲುಗಲ್ಲಿಗೂ ನಡುವೆ ಆರಡಿ ಆಸುಪಾಸು ಇದ್ದರೆ ದೊಡ್ಡವರದ್ದು. ಎರಡೂವರೆ, ಮೂರು ಅಡಿ ಇದ್ದರೆ ಬಹುಶಃ ಮಗುವಿನದು. ಕಾಲುಗಲ್ಲು ಚಿಕ್ಕದಾದ್ದರಿಂದ ಯಾರಾದರೂ ಸರಿಸಿರಬಹುದು, ಹಾಗಾಗಿ 'ಬಹುಶಃ' ಎಂಬ ಮಾತನ್ನು ಬಿಡಬಾರದು. ಎರಡನೆಯದು ನೆಲ. ಪೆಟ್ಟಿಗೆಯಲ್ಲಿಟ್ಟು ಹೂಳಿದ್ದರೆ ಪೆಟ್ಟಿಗೆ ಕೊಳೆತು ಮುರಿದಾಗ ಮೇಲಿನ ಮಣ್ಣು ಕೆಳಗಿಳಿಯುತ್ತದೆ. ಉದ್ದಕ್ಕೆ, ಆಳಿನಷ್ಟೇ ಅಳತೆಯ ತಗ್ಗು ಉಳಿಯುತ್ತದೆ. ನಡುಮಧ್ಯಾಹ್ನ ಅದು ಕಾಣುವುದೇ ಇಲ್ಲ. ಬೆಳಗ್ಗೆ ಅಥವಾ ಸಂಜೆ, ನೆರಳು ಉದ್ದವಾಗಿರುವಾಗ, ಇಡೀ ಸಾಲೇ ಎದ್ದು ಕಾಣುತ್ತದೆ. ಅಗೆದು ಮುಚ್ಚಿದ ಮಣ್ಣು ಸುತ್ತಲಿನ ಮಣ್ಣಿನಷ್ಟು ಬಿಗಿಯಾಗಿರುವುದಿಲ್ಲ, ನೀರನ್ನು ಬೇರೆ ರೀತಿ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಕೆಲವು ಕಡೆ ಅಷ್ಟಗಲ ಮಾತ್ರ ಹುಲ್ಲಿನ ಬಣ್ಣ ಬೇರೆಯಾಗಿರುತ್ತದೆ. ಸುತ್ತಮುತ್ತ ಎಲ್ಲೂ ಇಲ್ಲದ ಹೂವಿನ ಗಿಡ ಒಂದೇ ಕಡೆ ಹಬ್ಬಿದ್ದರೆ ಅದನ್ನೂ ಬರೆದುಕೊಳ್ಳಬೇಕು. ಯಾರೋ ತಂದು ನೆಟ್ಟಿರಬಹುದು.

ಇನ್ನೊಂದು, ಖಾಲಿ ಜಾಗ. ಗೋರಿಗಳು ಒಂದೇ ಅಂತರದಲ್ಲಿ ಸಾಲಾಗಿ ಹೋಗುತ್ತಿರುವಾಗ ನಡುವೆ ಒಂದು ಗೋರಿಯಷ್ಟು ಜಾಗ ಬಿಟ್ಟುಹೋಗಿದ್ದರೆ ಅಲ್ಲಿ ಯಾರೂ ಇಲ್ಲ ಎಂದು ತೀರ್ಮಾನಿಸುವಂತಿಲ್ಲ. ಮರದ ಗುರುತು ನೆಟ್ಟು ಅದು ಗೆದ್ದಲು ಹಿಡಿದು ಹೋಗಿರಬಹುದು. ಕಲ್ಲು ಬಿದ್ದು ಮಣ್ಣು ಮುಚ್ಚಿರಬಹುದು. ಅಂಥ ಜಾಗಕ್ಕೂ ನಾನು ನಂಬರು ಕೊಟ್ಟಿದ್ದೇನೆ. 'ಕಲ್ಲಿಲ್ಲ. ಸಾಲಿನ ಅಂತರ ನೋಡಿದರೆ ಗೋರಿ ಇರಬಹುದು' ಎಂದಷ್ಟೇ ಬರೆದಿದ್ದೇನೆ.

ನೆಲದೊಳಗೆ ಏನಿದೆ ಎಂದು ಅಗೆಯದೆ ತಿಳಿಯಲು ಉಪಕರಣಗಳಿವೆ. ನೆಲದೊಳಕ್ಕೆ ರೇಡಿಯೋ ಅಲೆ ಕಳಿಸಿ, ತಿರುಗಿ ಬಂದದ್ದನ್ನು ಓದುವ ರಡಾರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದರಲ್ಲಿ ಮೂಳೆ ಕಾಣುತ್ತದೆ ಎಂಬ ನಂಬಿಕೆ ಇದೆ. ಸಾಮಾನ್ಯವಾಗಿ ಅದು ತೋರಿಸುವುದು ಮಣ್ಣು ಒಮ್ಮೆ ಅಗೆದು ಮುಚ್ಚಿದ ಗುರುತನ್ನು, ಒಳಗಿನ ಪೊಳ್ಳನ್ನು. ಜೇಡಿಮಣ್ಣಿನಲ್ಲಿ, ಅದೂ ಒದ್ದೆಯಾಗಿದ್ದರೆ, ಅಲೆಗಳು ಆಳಕ್ಕೆ ಇಳಿಯುವ ಮೊದಲೇ ಸೋತುಹೋಗುತ್ತವೆ. ಮಣ್ಣು ಒಪ್ಪುವಂಥದ್ದಾಗಿದ್ದು, ನಡೆಸಲು ಬಲ್ಲವರು ಸಿಕ್ಕಿದರೆ ಒಳ್ಳೆಯದೇ. ಆದರೆ ಬಹುಪಾಲು ಮನೆಗಳ ಕೈಯಲ್ಲಿರುವುದು ಟೇಪು, ನೋಟ್‌ಬುಕ್ಕು ಮತ್ತು ಎರಡು ಕಣ್ಣು. ಅದರಲ್ಲೇ ಬಹಳಷ್ಟು ಆಗುತ್ತದೆ.

ಟೇಪಿನ ಮಾತು ಬಂದದ್ದು ಒಳ್ಳೆಯದಾಯಿತು. 'ಮೊಬೈಲಿನಲ್ಲಿ ಜಿಪಿಎಸ್ ಇದೆಯಲ್ಲ, ಇನ್ನು ಟೇಪು ಯಾಕೆ' ಎಂದು ಕೇಳುವವರಿದ್ದಾರೆ. ತೆರೆದ ಬಯಲಿನಲ್ಲಿ ಮೊಬೈಲು ಸುಮಾರು 5 ಮೀಟರ್ ಒಳಗೆ ಜಾಗ ತೋರಿಸುತ್ತದೆ. ಮರದ ಕೆಳಗೆ ಇನ್ನೂ ಹೆಚ್ಚು ತಪ್ಪುತ್ತದೆ. 5 ಮೀಟರ್ ಎಂದರೆ ಹದಿನಾರು ಅಡಿ. ಅಷ್ಟರಲ್ಲಿ ಐದಾರು ಗೋರಿ ಹಿಡಿಯುತ್ತವೆ. ಸ್ಮಶಾನ ಎಲ್ಲಿದೆ ಎಂದು ಮೊಮ್ಮಕ್ಕಳಿಗೆ ದಾರಿ ತೋರಿಸಲು ಅದು ಸಾಕು, ಯಾವ ಗೋರಿ ಯಾರದೆಂದು ಹೇಳಲು ಸಾಲದು. ಅದಕ್ಕೆ ಹಳೆಯ ಉಪಾಯವೇ ಸರಿ. ಅಲುಗದ ಎರಡು ಗುರುತು ಹಿಡಿಯಬೇಕು, ಗೋಡೆಯ ಮೂಲೆಯೋ ಬಂಡೆಯೋ. ಅವೆರಡರ ನಡುವೆ ದಾರ ಎಳೆದು ಕಟ್ಟಬೇಕು. ದಾರದ ಉದ್ದಕ್ಕೂ ಎಷ್ಟು, ದಾರದಿಂದ ಪಕ್ಕಕ್ಕೆ ಎಷ್ಟು ಎಂದು ಪ್ರತಿ ಕಲ್ಲಿಗೂ ಎರಡು ಅಳತೆ. ಚೌಕುಳಿ ಹಾಳೆಯ ಮೇಲೆ ಅದನ್ನು ಇಳಿಸಿದರೆ ನಕ್ಷೆ. ಮುಂದೊಂದು ದಿನ ಕಲ್ಲುಗಳೇ ಇಲ್ಲವಾದರೂ ಆ ಮೂಲೆಯಿಂದ ಅಳೆದು ಹೆಸರಿಲ್ಲದ ಆ ಗೋರಿಯ ಜಾಗಕ್ಕೇ ಬಂದು ನಿಲ್ಲಬಹುದು.

ಈಗ ಅಕ್ಷರವಿರುವ ಕಲ್ಲುಗಳಿಗೆ ಬರೋಣ. ಇಲ್ಲಿ ಜನ ಮಾಡುವ ಕೆಲವು ಕೆಲಸ ನೋಡಿದರೆ ನನಗೆ ಸಂಕಟವಾಗುತ್ತದೆ. ಮಾಸಿದ ಅಕ್ಷರ ಓದಬೇಕೆಂದು ಸೀಮೆಸುಣ್ಣ ಉಜ್ಜುತ್ತಾರೆ, ಹಿಟ್ಟು ಎರಚುತ್ತಾರೆ, ಶೇವಿಂಗ್ ಕ್ರೀಮ್ ಬಳಿಯುತ್ತಾರೆ. ಕ್ರೀಮಿನಲ್ಲಿ ಆಮ್ಲದ ಅಂಶವಿರುತ್ತದೆ, ಕಲ್ಲಿನ ಸಣ್ಣ ರಂಧ್ರಗಳಲ್ಲಿ ಸೇರಿಕೊಂಡರೆ ತೊಳೆದರೂ ಪೂರ್ತಿ ಹೋಗುವುದಿಲ್ಲ. ಬ್ಲೀಚ್ ಹಾಕಿದರೆ ಕಲ್ಲು ಆ ದಿನ ಬೆಳ್ಳಗೆ ಕಾಣುತ್ತದೆ, ಆದರೆ ಒಳಗೆ ಉಪ್ಪು ಉಳಿಯುತ್ತದೆ. ಆ ಉಪ್ಪು ಹರಳುಗಟ್ಟಿ ಕಲ್ಲನ್ನು ಒಳಗಿನಿಂದಲೇ ಒಡೆಯುತ್ತದೆ. ತಂತಿ ಬ್ರಷ್, ಒತ್ತಡದ ನೀರಿನ ಪೈಪು, ಇವಂತೂ ಅಕ್ಷರದ ಜೊತೆಗೆ ಕಲ್ಲಿನ ಮೈಯನ್ನೂ ಕಿತ್ತು ತರುತ್ತವೆ. ನೂರು ವರ್ಷ ಮಳೆಗೆ ನಿಂತ ಅಕ್ಷರ ಒಂದೇ ಮಧ್ಯಾಹ್ನ ಹೋಗಿಬಿಡುತ್ತದೆ.

ಕಲ್ಲಿನ ಮೈಗೆ ಅಂಟಿ ಬೆಳೆಯುವ ಕಲ್ಲುಹೂವನ್ನು (ಲೈಕೆನ್) ಕೆರೆಯುವುದೂ ಅಷ್ಟೇ ಕೆಟ್ಟದ್ದು. ಅದರ ಸಣ್ಣ ಎಳೆಗಳು ಕಲ್ಲಿನೊಳಕ್ಕೆ ಇಳಿದಿರುತ್ತವೆ, ಒಣಗಿರುವಾಗ ಕಿತ್ತರೆ ಕಲ್ಲಿನ ಚಕ್ಕೆಯೂ ಬರುತ್ತದೆ. ಅದಕ್ಕೂ ತನ್ನದೇ ಒಂದು ಲೆಕ್ಕ ಇದೆ. ಕಲ್ಲುಹೂವು ತುಂಬಾ ನಿಧಾನ ಬೆಳೆಯುತ್ತದೆ, ವರ್ಷಕ್ಕೆ ಒಂದು ಮಿಲಿಮೀಟರೂ ಬೆಳೆಯದ ಜಾತಿಗಳಿವೆ. 1950ರ ದಶಕದಲ್ಲಿ ಆಸ್ಟ್ರಿಯಾದ ರೋಲಾಂಡ್ ಬೆಶೆಲ್ ಎಂಬ ಸಸ್ಯವಿಜ್ಞಾನಿ ಕಲ್ಲುಹೂವಿನ ಅಗಲ ಅಳೆದು ಬಂಡೆ ಎಷ್ಟು ಕಾಲದಿಂದ ಬಯಲಿಗೆ ಬಿದ್ದಿದೆ ಎಂದು ಲೆಕ್ಕ ಹಾಕುವ ವಿಧಾನವನ್ನು ಬೆಳೆಸಿದರು. ಈ ವಿಧಾನಕ್ಕೆ ಮೊದಲು ಅದರ ಬೆಳವಣಿಗೆಯ ವೇಗ ಗೊತ್ತಾಗಬೇಕು. ಅದನ್ನು ತಿಳಿಯಲು ಇಸವಿ ಕೆತ್ತಿದ ಸಮಾಧಿ ಕಲ್ಲಿಗಿಂತ ಒಳ್ಳೆಯದು ಇನ್ನೇನಿದೆ? ಹಿಮನದಿಗಳು ಯಾವಾಗ ಹಿಂದೆ ಸರಿದು ಬಂಡೆಗಳನ್ನು ಬಯಲಿಗೆ ಬಿಟ್ಟವು ಎಂದು ಹೇಳಲು ಸತ್ತವರ ಕಲ್ಲುಗಳು ನೆರವಾದವು ಎಂಬುದು ನನಗೆ ಇವತ್ತಿಗೂ ಸೋಜಿಗ.

ಅಕ್ಷರ ಓದಲು ಬೇಕಾದದ್ದು ಬೆಳಕು, ಅದೂ ಪಕ್ಕದ ಬೆಳಕು. ಎದುರಿನಿಂದ ಬಿದ್ದ ಬೆಳಕು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಕಲ್ಲಿನ ಮೈಯನ್ನು ಸವರಿಕೊಂಡು ಹೋಗುವ ಬೆಳಕು ಪ್ರತಿ ಗೀರಿಗೂ ನೆರಳು ಕೊಡುತ್ತದೆ. ಸೂರ್ಯ ಸರಿಯಾದ ಕಡೆ ಬರುವವರೆಗೆ ಕಾಯಬಹುದು. ಕಾಯಲಾಗದಿದ್ದರೆ ಉದ್ದನೆಯ ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ತಿರುಗಿಸಬಹುದು. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಅಂಚಿಗೆ ತಾಗಿಸಿಟ್ಟರೆ ಹಗಲಲ್ಲಿ ಇಲ್ಲವೇ ಇಲ್ಲ ಎನಿಸಿದ ಸಾಲು ಕಣ್ಣೆದುರು ಏಳುತ್ತದೆ. ಕ್ಯಾಮೆರಾವನ್ನು ಅಲುಗಿಸದೆ, ಬೆಳಕನ್ನು ಮಾತ್ರ ಒಂದೊಂದು ದಿಕ್ಕಿನಿಂದ ಹಿಡಿದು ಹಲವು ಫೋಟೋ ತೆಗೆದು, ಅವನ್ನು ಕಂಪ್ಯೂಟರಿನಲ್ಲಿ ಸೇರಿಸಿ, ಬೇಕಾದ ಕಡೆಯಿಂದ ಬೆಳಕು ಬಿಟ್ಟು ನೋಡುವ ವಿಧಾನವೂ ಇದೆ. 2001ರಲ್ಲಿ ಎಚ್‌ಪಿ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು ತೋರಿಸಿಕೊಟ್ಟದ್ದು. ಶಾಸನಗಳಿಗೂ ಹಳೆಯ ನಾಣ್ಯಗಳಿಗೂ ಇದನ್ನು ಬಳಸುತ್ತಾರೆ.

ತೊಳೆಯಲೇಬೇಕಿದ್ದರೆ ಬರಿ ನೀರು, ಮೆತ್ತನೆಯ ಬ್ರಷ್ಷು. ಕೆಳಗಿನಿಂದ ಮೇಲಕ್ಕೆ ತೊಳೆಯುತ್ತಾ ಹೋದರೆ ಕೊಳೆನೀರು ಒಣಕಲ್ಲಿನ ಮೇಲೆ ಹರಿದು ಪಟ್ಟೆ ಮೂಡಿಸುವುದಿಲ್ಲ. ಕಲ್ಲನ್ನು ತಟ್ಟಿದಾಗ ಪೊಳ್ಳು ಸದ್ದು ಬಂದರೆ, ಮೈ ಮರಳಿನಂತೆ ಉದುರುತ್ತಿದ್ದರೆ, ನೀರೂ ಬೇಡ. ಹಾಗೆಯೇ ಬಿಟ್ಟು ಫೋಟೋ ತೆಗೆಯಿರಿ. ಕಾಗದ ಇಟ್ಟು ಮೇಣ ಉಜ್ಜಿ ಅಚ್ಚು ತೆಗೆಯುವುದನ್ನೂ ಅಂಥ ಕಲ್ಲಿನ ಮೇಲೆ ಮಾಡಬಾರದು.

ಯಾವ ಕಲ್ಲು ಎಂದು ಬರೆದುಕೊಳ್ಳುವುದೂ ಮುಖ್ಯ, ಯಾಕೆಂದರೆ ಒಂದೊಂದು ಕಲ್ಲೂ ಒಂದೊಂದು ರೀತಿ ಸವೆಯುತ್ತದೆ. ಮರಳುಗಲ್ಲು ಪದರ ಪದರವಾಗಿ ಕಳಚುತ್ತದೆ. ಇವತ್ತು ಪೂರ್ತಿ ಕಾಣುವ ಹೆಸರು ಮುಂದಿನ ವರ್ಷ ಒಂದೇ ಹಾಳೆಯಾಗಿ ಕೆಳಗೆ ಬಿದ್ದಿರಬಹುದು. ಸ್ಲೇಟು ಕಲ್ಲು ಸೀಳಬಹುದು, ಆದರೆ ಸೀಳದೆ ಉಳಿದರೆ ಇನ್ನೂರು ವರ್ಷದ ನಂತರವೂ ಕೆತ್ತನೆಯ ಅಂಚು ಹರಿತವಾಗಿರುತ್ತದೆ. ಗ್ರಾನೈಟು ಗಟ್ಟಿ. ಅಮೃತಶಿಲೆ ನೋಡಲು ಚಂದ, ಆದರೆ ಅದು ಸುಣ್ಣದ ಅಂಶದ ಕಲ್ಲು, ಹುಳಿ ಬೆರೆತ ಮಳೆನೀರಿಗೆ ಕರಗುತ್ತದೆ. ಕೆಲವು ಅಮೃತಶಿಲೆಯ ಕಲ್ಲುಗಳಲ್ಲಿ ಅಕ್ಷರದ ಜಾಗದಲ್ಲಿ ಸೀಸ ತುಂಬಿರುತ್ತಾರೆ. ಮಾಡಿದಾಗ ಸೀಸವೂ ಕಲ್ಲೂ ಒಂದೇ ಮಟ್ಟದಲ್ಲಿದ್ದವು. ಈಗ ಕೈಯಾಡಿಸಿದರೆ ಅಕ್ಷರ ಉಬ್ಬಿ ನಿಂತಿರುತ್ತದೆ. ಅಷ್ಟು ಕಲ್ಲು ಮಳೆಯ ಜೊತೆ ಹೋಗಿದೆ. ಕಲ್ಲು ಎಷ್ಟು ವೇಗವಾಗಿ ಸವೆಯುತ್ತಿದೆ ಎಂದು ಅಳೆಯಲು ವಿಜ್ಞಾನಿಗಳು ಈ ಉಬ್ಬನ್ನೇ ಅಳೆಯುತ್ತಾರೆ. ಹೆಸರಿರುವವರೂ ಹೆಸರಿಲ್ಲದವರಾಗುತ್ತಿದ್ದಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಹಾಗಾಗಿ ಉದುರುವ ಕಲ್ಲುಗಳ ಫೋಟೋ ಮೊದಲು, ಗ್ರಾನೈಟಿನದ್ದು ಕೊನೆಗೆ.

ವಾಲಿದ ಕಲ್ಲಿನ ಹತ್ತಿರ ಎಚ್ಚರ ಇರಲಿ. ಮೂರಡಿ ಎತ್ತರ, ಒಂದೂವರೆ ಅಡಿ ಅಗಲ, ನಾಲ್ಕಿಂಚು ದಪ್ಪದ ಗ್ರಾನೈಟು ಕಲ್ಲು ನೂರು ಕಿಲೋ ದಾಟುತ್ತದೆ. ಅದಕ್ಕೆ ಒರಗುವುದು, ಎತ್ತಿ ನಿಲ್ಲಿಸಲು ಹೋಗುವುದು, ಎರಡೂ ಬೇಡ. ಬಿದ್ದ ಕಲ್ಲನ್ನು ಮಗುಚಬೇಕೆಂದರೆ ತಿಳಿದವರು ಬರಲಿ. ಜಮೀನು ಈಗ ಬೇರೆಯವರದ್ದಾಗಿದ್ದರೆ ಮೊದಲು ಅವರನ್ನು ಕೇಳಬೇಕು, ಅದನ್ನು ಹೇಳಬೇಕಾಗಿಯೇ ಇಲ್ಲ.

ಬರೆಯುವುದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಹೆಚ್ಚು ಹಾಳಾಗುವುದು ಅಲ್ಲೇ. ಕಲ್ಲಿನಲ್ಲಿ ಇದ್ದಂತೆಯೇ ಬರೆಯಬೇಕು. ಕಾಗುಣಿತ ತಪ್ಪಿದ್ದರೆ ತಪ್ಪಾಗಿಯೇ. ಸಾಲು ಎಲ್ಲಿ ಮುರಿದಿದೆಯೋ ಅಲ್ಲೇ ಮುರಿಯಬೇಕು. ಕಾಣದ ಅಕ್ಷರಕ್ಕೆ ಚುಕ್ಕಿ. ಅರೆಬರೆ ಕಂಡದ್ದಕ್ಕೆ ಪಕ್ಕದಲ್ಲಿ ಪ್ರಶ್ನೆ ಗುರುತು. 'ಇದು ನಮ್ಮ ತಾತನ ಹೆಸರೇ, ಕೆತ್ತಿದವನು ಒತ್ತು ಬಿಟ್ಟಿದ್ದಾನೆ' ಎಂದು ತಿದ್ದಿ ಬರೆಯುವ ಆಸೆ ಬಹಳ ಬರುತ್ತದೆ. ತಿದ್ದಬೇಡಿ. ಅವರು ಬದುಕಿದ್ದಾಗ ಹೆಸರನ್ನು ಹಾಗೇ ಬರೆಯುತ್ತಿದ್ದರೋ ಏನೋ. ಅದಕ್ಕೇ ನನ್ನ ಪಟ್ಟಿಯಲ್ಲಿ ಮೂರು ಕಾಲಂ ಇವೆ. ಕಲ್ಲು ಹೇಳಿದ್ದು, ಜನ ಹೇಳಿದ್ದು, ನಾನು ಊಹಿಸಿದ್ದು. ಒಂದರದ್ದು ಇನ್ನೊಂದಕ್ಕೆ ನುಸುಳದಂತೆ ನೋಡಿಕೊಳ್ಳುವುದೇ ಈ ಕೆಲಸದ ದೊಡ್ಡ ಪಾಲು.

ಇಸವಿಗಳಲ್ಲಿ ಜಾಸ್ತಿ ಎಚ್ಚರ ಬೇಕು. ಸವೆದ ಕಲ್ಲಿನಲ್ಲಿ 1, 4, 7 ಒಂದೇ ತರಹ ಕಾಣುತ್ತವೆ, 3, 6, 8 ಕೂಡ. ಕನ್ನಡ ಅಂಕಿಯಾದರೆ ೬ ಮತ್ತು ೯ ಕಾಡುತ್ತವೆ. ಕಲ್ಲಿನಲ್ಲಿ ಯಾವ ಕಾಲಮಾನ ಇದೆ ಎಂಬುದು ಇನ್ನೊಂದು ಪ್ರಶ್ನೆ. ಶಕ ವರ್ಷವಾದರೆ 78 ಕೂಡಿಸಬೇಕು, ವರ್ಷದ ಕೊನೆಯ ತಿಂಗಳುಗಳಾದರೆ 79. ಬರಿ ಸಂವತ್ಸರದ ಹೆಸರಿದ್ದರೆ ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಯಾವ ಸುತ್ತು ಎಂದು ಬೇರೆ ಆಧಾರದಿಂದ ಹಿಡಿಯಬೇಕು. ಹಿಜರಿ ವರ್ಷ ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಹಾಗಾಗಿ ಆ ಲೆಕ್ಕದಲ್ಲಿ 68 ವರ್ಷ ಬದುಕಿದವರು ಇನ್ನೊಂದು ಲೆಕ್ಕದಲ್ಲಿ 66 ವರ್ಷದವರು. ಇಂಗ್ಲೆಂಡ್ ಮತ್ತು ಅದರ ವಸಾಹತುಗಳಲ್ಲಿ 1752ಕ್ಕೆ ಮುಂಚೆ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಅಲ್ಲಿಯ ಹಳೆಯ ಕಲ್ಲುಗಳಲ್ಲಿ ಫೆಬ್ರವರಿ 1731/2 ಎಂಬಂಥ ಜೋಡಿ ಇಸವಿ ಕಂಡರೆ ಅದು ಕೆತ್ತಿದವನ ಗೊಂದಲವಲ್ಲ, ಮಾರ್ಚಿನಿಂದ ಎಣಿಸುವ ಲೆಕ್ಕಕ್ಕೂ ಜನವರಿಯಿಂದ ಎಣಿಸುವ ಲೆಕ್ಕಕ್ಕೂ ಸಲ್ಲಲಿ ಎಂದು ಹಾಕಿದ್ದು. ಇಂಥದ್ದನ್ನೆಲ್ಲ ನಾವು ಪರಿವರ್ತಿಸಿ ಬರೆಯುವುದು ಮೂರನೆಯ ಕಾಲಂನಲ್ಲಿ. ಮೊದಲ ಕಾಲಂನಲ್ಲಿ ಕಲ್ಲು ಕಂಡಂತೆಯೇ ಇರಬೇಕು.

ಹೆಂಗಸರ ಕಲ್ಲುಗಳನ್ನು ಬರೆಯುವಾಗ ಎಷ್ಟೋ ಸಲ ಪೆನ್ನು ನಿಂತುಬಿಡುತ್ತದೆ. 'ಇಂಥವರ ಧರ್ಮಪತ್ನಿ' ಎಂದಿರುತ್ತದೆ, ಗಂಡನ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ, ಅವಳ ಹೆಸರೇ ಇರುವುದಿಲ್ಲ. ಕಲ್ಲಿದ್ದೂ ಹೆಸರಿಲ್ಲದವರು ಇವರು. ಇಂಥ ಕಡೆ ನಾನು ಎರಡನೆಯ ಕಾಲಂ ತುಂಬುವವರೆಗೂ ಬಿಟ್ಟಿಲ್ಲ. ಮನೆಯ ಹಳೆಯ ಪತ್ರ, ಜಮೀನಿನ ಕಾಗದ, ಮದುವೆಯ ಕರೆಯೋಲೆ, ಎಲ್ಲಾದರೂ ಒಂದು ಕಡೆ ಅವಳ ಹೆಸರು ಸಿಗುತ್ತದೆ. ಗಂಡನ ಪಕ್ಕದಲ್ಲಿ ಹೆಂಡತಿಯ ಹೆಸರನ್ನೂ ಹುಟ್ಟಿದ ಇಸವಿಯನ್ನೂ ಮುಂಚೆಯೇ ಕೆತ್ತಿಸಿ, ಸತ್ತ ದಿನದ ಜಾಗ ಖಾಲಿ ಬಿಟ್ಟ ಕಲ್ಲುಗಳೂ ಇರುತ್ತವೆ. ಆ ಖಾಲಿ ಜಾಗ ನೋಡಿ ಅವರು ಇನ್ನೂ ಇದ್ದಾರೆ ಎಂದೂ ಬರೆಯಬಾರದು, ಇಲ್ಲ ಎಂದೂ ಬರೆಯಬಾರದು. ಅವರು ಬೇರೆಲ್ಲೋ ಮಗಳ ಮನೆಯಲ್ಲಿ ತೀರಿಕೊಂಡು ಅಲ್ಲೇ ಮಣ್ಣಾಗಿರಬಹುದು. ಬದುಕಿದ್ದರೆ ಅವರ ವಿವರವನ್ನು ಎಲ್ಲರಿಗೂ ಕಾಣುವಂತೆ ಹಾಕುವುದು ಸರಿಯಲ್ಲ.

ಕಲ್ಲು ಸುಳ್ಳು ಹೇಳುವುದೂ ಉಂಟು. ತೀರಿಕೊಂಡು ನಲವತ್ತು ವರ್ಷದ ಮೇಲೆ, ಕೈಯಲ್ಲಿ ಕಾಸಾದ ಮೊಮ್ಮಗ ನೆನಪಿನಿಂದ ಕೆತ್ತಿಸಿದ ಇಸವಿ ತಪ್ಪಿರಬಹುದು. ದೇಹ ಇಲ್ಲದೆ ನೆನಪಿಗೆಂದೇ ನಿಲ್ಲಿಸಿದ ಕಲ್ಲಿರಬಹುದು. ಮುರಿದ ಕಲ್ಲುಗಳನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಗೋಡೆಗೆ ಒರಗಿಸಿಟ್ಟರೆ, ಕಲ್ಲಿಗೂ ಗೋರಿಗೂ ಸಂಬಂಧವೇ ತಪ್ಪಿಹೋಗುತ್ತದೆ. ಹಾಗೆ ಸರಿಸಿದ ಕಲ್ಲಿಗೆ ಒಂದು ನಂಬರು, ಅದು ಬಿಟ್ಟುಬಂದ ಗೋರಿಗೆ ಇನ್ನೊಂದು ನಂಬರು ಕೊಟ್ಟರೆ ಯಾರೂ ಕಳೆದುಹೋಗುವುದಿಲ್ಲ.

ಒಂದೊಂದು ಸಾಲನ್ನೇ ನೋಡಿದಾಗ ಕಾಣದ್ದು ಇಡೀ ಪಟ್ಟಿಯಲ್ಲಿ ಕಾಣುತ್ತದೆ. ಒಂದೇ ಮನೆಯಲ್ಲಿ ಒಂದೇ ಹೆಸರಿನ ಎರಡು ಮಕ್ಕಳು ಇದ್ದರೆ, ಹೋದ ಮಗುವಿನ ಹೆಸರನ್ನು ಮುಂದಿನದಕ್ಕೆ ಇಟ್ಟಿದ್ದಾರೆ. 1918ರ ಕೊನೆಯ ತಿಂಗಳುಗಳ ದಿನಾಂಕ ಮತ್ತೆ ಮತ್ತೆ ಬಂದರೆ ಇನ್‌ಫ್ಲುಯೆಂಜಾ ಆ ಮನೆಗೆ ಬಂದಿತ್ತು ಎಂದು ಅನುಮಾನಿಸಬಹುದು. ಲೋಕದಲ್ಲೆಲ್ಲ ಕೋಟಿಗಟ್ಟಲೆ ಜನರನ್ನು ಕೊಂದ ಆ ಜ್ವರ ವಯಸ್ಸಾದವರನ್ನಷ್ಟೇ ಅಲ್ಲ, ಇಪ್ಪತ್ತು ಮೂವತ್ತರ ಗಟ್ಟಿಮುಟ್ಟು ಜನರನ್ನೂ ಕೊಂಡೊಯ್ದಿತು. ಅಂಥ ಹೊತ್ತಿನಲ್ಲಿ ಕಲ್ಲು ಕೆತ್ತಿಸಲು ಯಾರಿಗೆ ಪುರುಸೊತ್ತು? ದಿನಾಂಕವಿರುವ ಒಂದು ಕಲ್ಲಿನ ಅಕ್ಕಪಕ್ಕ ಒಂದೇ ಬಗೆಯ, ಅವಸರದಲ್ಲಿ ನೆಟ್ಟಂಥ ಕಾಡುಗಲ್ಲುಗಳು ನಿಂತಿದ್ದರೆ ಅವನ್ನೂ ಜೊತೆಗಿಟ್ಟು ನೋಡಬೇಕು. ಊಹೆಯೇ, ಮೂರನೆಯ ಕಾಲಂ. ಆದರೆ ನಂಬರು ಕೊಡದೇ ಹೋಗಿದ್ದರೆ ಊಹಿಸಲೂ ಆಗುತ್ತಿರಲಿಲ್ಲ.

ಹೆಸರಿಲ್ಲದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ನಾನು ಕಂಡುಹಿಡಿದ ಸಂಗತಿಯಲ್ಲ. 1914ರಲ್ಲಿ, ಮೊದಲ ಮಹಾಯುದ್ಧ ಶುರುವಾದಾಗ, ಬ್ರಿಟನ್ನಿನ ಫೇಬಿಯನ್ ವೇರ್ ಎಂಬುವರು ರೆಡ್ ಕ್ರಾಸ್‌ನ ಒಂದು ತುಕಡಿ ಕಟ್ಟಿಕೊಂಡು ಫ್ರಾನ್ಸಿಗೆ ಹೋದರು. ಅಲ್ಲಿ ಸತ್ತ ಸೈನಿಕರನ್ನು ಸಿಕ್ಕಿದ ಕಡೆ ಹೂಳಿ, ಎಲ್ಲಿ ಹೂಳಿದ್ದೆಂದು ಬರೆದಿಡುವವರೇ ಇರಲಿಲ್ಲ. ಅವರ ತುಕಡಿ ಗೋರಿಗಳ ಪಟ್ಟಿ ಮಾಡತೊಡಗಿತು. ಆ ಪಟ್ಟಿಯಿಂದಲೇ ಬೆಳೆದು 1917ರಲ್ಲಿ ಯುದ್ಧಗೋರಿಗಳ ಆಯೋಗ ಹುಟ್ಟಿತು. ಗುರುತು ಸಿಗದ ಸೈನಿಕರನ್ನು ಅವರು ಪಟ್ಟಿಯಿಂದ ಬಿಡಲಿಲ್ಲ. ಅಧಿಕಾರಿಯ ಕಲ್ಲು ಎಷ್ಟೆತ್ತರವೋ ಇವರದ್ದೂ ಅಷ್ಟೇ ಎತ್ತರ. ಹೆಸರಿನ ಜಾಗದಲ್ಲಿ 'ಮಹಾಯುದ್ಧದ ಒಬ್ಬ ಸೈನಿಕ', ಕೆಳಗೆ 'ದೇವರಿಗೆ ಗೊತ್ತು' ಎಂಬರ್ಥದ ಮಾತು. ಆ ಮಾತನ್ನು ಆರಿಸಿದವರು ಇಂಗ್ಲಿಷ್ ಲೇಖಕ ರುಡ್ಯಾರ್ಡ್ ಕಿಪ್ಲಿಂಗ್. ಅವರ ಸ್ವಂತ ಮಗ ಅದೇ ಯುದ್ಧದಲ್ಲಿ 1915ರಲ್ಲಿ ಕಾಣೆಯಾಗಿದ್ದ, ಕಿಪ್ಲಿಂಗ್ ಬದುಕಿರುವವರೆಗೂ ಅವನ ಗೋರಿ ಯಾವುದೆಂದು ಗೊತ್ತಾಗಲಿಲ್ಲ.

ಒಂದು ಮನೆತನದ ಸ್ಮಶಾನಕ್ಕೆ ಆಯೋಗ ಬರುವುದಿಲ್ಲ. ಅಲ್ಲಿಗೆ ಹೋಗಬೇಕಾದವರು ಮನೆಯವರೇ. ಹೋಗುವಾಗ ವಯಸ್ಸಾದವರನ್ನು ಕರೆದುಕೊಂಡು ಹೋಗಬೇಕು. ಮನೆಯಲ್ಲಿ ಕೂತು ಕೇಳಿದರೆ ಅವರಿಗೆ ನೆನಪಾಗದ್ದು ಆ ನೆಲದ ಮೇಲೆ ನಿಂತಾಗ ನೆನಪಾಗುತ್ತದೆ.

ನಾನು ನಮ್ಮ ಸೋದರತ್ತೆಯನ್ನು ಕರೆದುಕೊಂಡು ಹೋಗಿದ್ದೆ. ಕೋಲೂರಿಕೊಂಡು ಸಾಲಿನುದ್ದಕ್ಕೂ ಬಂದರು. ದೊಡ್ಡ ಕಲ್ಲುಗಳ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ, 'ಇವರದ್ದೆಲ್ಲ ಬರೆದಿದ್ಯಲ್ಲ' ಎಂದರು. ಒಂದು ಕಾಡುಗಲ್ಲಿನ ಹತ್ತಿರ ನಿಂತರು. ನನ್ನ ಪುಸ್ತಕದಲ್ಲಿ ಅದಕ್ಕೆ ನಂಬರು ಇತ್ತು, ಅಂತರ ಎರಡೂವರೆ ಅಡಿ ಎಂದಿತ್ತು, ಅಷ್ಟೇ.

'ಇದು ಯಾರದ್ದು ಅಂತ ನಿಮಗೆ ಗೊತ್ತಾ ಅತ್ತೆ?'

'ನಮ್ಮಮ್ಮನ ಮೊದಲನೇ ಕೂಸು ಕಣೇ. ನನಗಿಂತ ಮುಂಚೆ ಹುಟ್ಟಿದ್ದು. ನಾಲ್ಕು ದಿನಕ್ಕೇ ಹೋಯ್ತಂತೆ. ಹೆಸರಿಡೋಕೂ ಆಗ್ಲಿಲ್ಲ. ಅಮ್ಮ ಇಲ್ಲಿಗೆ ಬಂದಾಗೆಲ್ಲ ಮೊದಲು ಇಲ್ಲಿ ನಿಂತ್ಕೊಳೋಳು, ಆಮೇಲೆ ಬಾಕಿಯವರ ಹತ್ರ ಹೋಗೋಳು. ಇಲ್ಲಿ ನಿಂತಾಗ ಯಾರಿಗೂ ಏನೂ ಹೇಳ್ತಿರಲಿಲ್ಲ.'

'ಗಂಡು ಮಗುನಾ, ಹೆಣ್ಣು ಮಗುನಾ?'

'ಹೆಣ್ಣು. ಬರ್ಕೋ.'

ಬರೆದುಕೊಂಡೆ. ಮೊದಲ ಕಾಲಂನಲ್ಲಿ 'ಅಕ್ಷರವಿಲ್ಲ' ಎಂಬುದು ಹಾಗೇ ಉಳಿಯಿತು. ಎರಡನೆಯದರಲ್ಲಿ ಅತ್ತೆ ಹೇಳಿದ್ದನ್ನು ಅವರ ಮಾತಿನಲ್ಲೇ ಹಾಕಿದೆ, ಹೇಳಿದ ದಿನದ ಜೊತೆಗೆ. ಅವರು ಕಣ್ಣಾರೆ ಕಂಡದ್ದಲ್ಲ, ತಾಯಿಯಿಂದ ಕೇಳಿದ್ದು ಎಂಬುದನ್ನೂ ಸೇರಿಸಿದೆ. ಅದನ್ನು ಸೇರಿಸುವುದರಿಂದ ಅತ್ತೆಯ ಮಾತಿನ ಬೆಲೆ ಕಡಿಮೆಯಾಗುವುದಿಲ್ಲ. ಯಾರಿಂದ ಯಾರಿಗೆ ಬಂದ ಮಾತು ಎಂದು ಗೊತ್ತಿದ್ದರೆ ಮುಂದಿನವರು ಅದನ್ನು ಇನ್ನೂ ಗಟ್ಟಿಯಾಗಿ ನಂಬುತ್ತಾರೆ. ಅತ್ತೆ ಒಪ್ಪಿದ್ದರಿಂದ ಫೋನಿನಲ್ಲಿ ಅವರ ದನಿಯನ್ನೂ ಹಿಡಿದಿಟ್ಟಿದ್ದೇನೆ. ಅಜ್ಜಿ ಹೆತ್ತ ಮಕ್ಕಳು ಎಷ್ಟು ಎಂದು ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದ ಲೆಕ್ಕಕ್ಕೆ ಈಗ ಒಂದು ಕೂಡಿದೆ. ವಂಶವೃಕ್ಷದ ಹಾಳೆಯಲ್ಲಿ ಅಪ್ಪನಿಗೂ ಅತ್ತೆಗೂ ಮೇಲೆ, ಹೆಸರಿನ ಜಾಗದಲ್ಲಿ 'ಹೆಣ್ಣು ಮಗು' ಎಂದು ಬರೆದಿದ್ದೇವೆ.

ಇಷ್ಟೆಲ್ಲ ಮಾಡಿ ಅದನ್ನು ಒಂದೇ ಫೋನಿನಲ್ಲಿ ಇಟ್ಟುಕೊಂಡರೆ ಆ ಫೋನು ನೀರಿಗೆ ಬಿದ್ದ ದಿನ ಎಲ್ಲ ಹೋಯಿತು. ಅಂತರ್ಜಾಲದಲ್ಲಿ ಇದಕ್ಕೆಂದೇ ಜಾಗಗಳಿವೆ. 1995ರಲ್ಲಿ ಶುರುವಾದ ಫೈಂಡ್ ಎ ಗ್ರೇವ್, 2011ರಲ್ಲಿ ಬಂದ ಬಿಲಿಯನ್‌ಗ್ರೇವ್ಸ್ ಇವೆರಡನ್ನೂ ಲೋಕದ ಎಲ್ಲ ಕಡೆಯವರು ಬಳಸುತ್ತಾರೆ. ಒಳ್ಳೆಯದೇ, ದೂರದ ಬಂಧುಗಳು ಸಿಗುವುದು ಅಲ್ಲೇ. ಆದರೆ ಅವೆಲ್ಲ ಹೆಸರು ಹುಡುಕುವವರಿಗಾಗಿ ಕಟ್ಟಿದ್ದು. ಹೆಸರಿಲ್ಲದ ಕಲ್ಲನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಆದ್ದರಿಂದ ಪೂರ್ತಿ ಪಟ್ಟಿ, ನಕ್ಷೆಯ ಸಮೇತ, ನಮ್ಮ ಕೈಯಲ್ಲೂ ಇರಬೇಕು. ಯಾವ ಕಂಪ್ಯೂಟರಿನಲ್ಲೂ ತೆರೆಯುವ ಸಾದಾ ಪಠ್ಯದ ಕಡತ, ಫೋಟೋಗಳ ಹೆಸರಿನಲ್ಲೇ ಗೋರಿಯ ನಂಬರು, ಬೇರೆ ಬೇರೆ ಮನೆಗಳಲ್ಲಿ ಮೂರು ಪ್ರತಿ. ಒಂದು ಪ್ರತಿಯನ್ನು ಒಳ್ಳೆಯ ಕಾಗದದಲ್ಲಿ ಅಚ್ಚು ಹಾಕಿ ಗ್ರಂಥಾಲಯಕ್ಕೆ ಕೊಟ್ಟರೆ ಇನ್ನೂ ಒಳ್ಳೆಯದು.

ಅಚ್ಚು ಹಾಕಿದ ಪಟ್ಟಿಯನ್ನು ನಾನು ಬಂಧುಗಳಿಗೆಲ್ಲ ಕಳಿಸಿದೆ. ಎರಡನೆಯ ಕಾಲಂ ಖಾಲಿ ಇರುವ ಸಾಲುಗಳ ಪಕ್ಕ ಜಾಗ ಬಿಟ್ಟು, 'ಗೊತ್ತಿದ್ದರೆ ಬರೆಯಿರಿ, ಯಾರು ಹೇಳಿದ್ದು ಎಂದೂ ಬರೆಯಿರಿ' ಎಂದು ಕೇಳಿಕೊಂಡಿದ್ದೆ. ಕೆಲವು ಪ್ರತಿಗಳು ತುಂಬಿಕೊಂಡು ಬಂದವು. ಗೋಡೆಯ ಪಕ್ಕದ ಜೋಡಿಗಲ್ಲಿಗೆ ಚಿಕ್ಕಪ್ಪ ಒಂದು ಹೆಸರು ಬರೆದಿದ್ದಾರೆ, ದೊಡ್ಡಮ್ಮ ಇನ್ನೊಂದು ಹೆಸರು. ಇಬ್ಬರಿಗೂ ಖಾತ್ರಿಯಿದೆ. ಇಬ್ಬರ ಮಾತನ್ನೂ ಅವರವರ ಹೆಸರಿನೊಂದಿಗೆ ಎರಡನೆಯ ಕಾಲಂಗೆ ಹಾಕಿದ್ದೇನೆ. ಮೂರನೆಯ ಕಾಲಂ ಖಾಲಿ ಬಿಟ್ಟಿದ್ದೇನೆ. ಹಳೆಯ ಜಮೀನು ಪತ್ರಗಳ ಗಂಟೊಂದು ದೊಡ್ಡಮ್ಮನ ಮನೆಯ ಅಟ್ಟದ ಮೇಲಿದೆಯಂತೆ. ಮುಂದಿನ ತಿಂಗಳು ಅದನ್ನು ಇಳಿಸಿ ನೋಡಲು ಚಿಕ್ಕಪ್ಪನೂ ಬರುತ್ತೇನೆಂದಿದ್ದಾರೆ.